ಕೆಂಪು ಪೆನ್ಸಿಲ್

ಶಾಲೆಯ ಜಿಮ್ಮಿನಲ್ಲಿ, ಹಗ್ಗದೇಣಿಗಳ ಕೆಳಗೆ ಮತಗಟ್ಟೆ;
ದಾರಕ್ಕೆ ಕಟ್ಟಿದ ಕೆಂಪು ಪೆನ್ಸಿಲ್.
ಹೊರಗೆ ಜೀಲ್ಯಾಂಡಿನ ಗಾಳಿ,
ಕಟ್ಟೆಯಾಚೆ ನಮಗಿಂತ ಎತ್ತರದ ಕಡಲು.

ಗಂಡನೇ ತಲೆ ಎಂದು ನಂಬಿದವಳು ನಾನು,
ಟೋಪಿಯಿಲ್ಲದೆ ದೇವರೆದುರು ಕೂತವಳಲ್ಲ.
ನಲವತ್ತು ವರ್ಷ ಮರೀನಸ್ ತೋರಿದ ಸೊನ್ನೆಯನ್ನೇ ತುಂಬಿದೆ,
ಅವನಂಗಿಗೆ ಗುಂಡಿ ಹೊಲಿದಷ್ಟೇ ಸಲೀಸಾಗಿ.

ಈಗವನು ಹಾಸಿಗೆ ಹಿಡಿದಿದ್ದಾನೆ.
ಅವನ ಚೀಟಿಗೂ ನಾನೇ ಕೈ.
"ಯಾವುದಕ್ಕೆ?" ಎಂದರೆ ಗೋಡೆ ನೋಡಿದ,
"ಯೂಸ್ಟ್ ಫೋನ್ ಮಾಡಿದ್ದನಾ?" ಎಂದ.

ಯೂಸ್ಟ್, ನಮ್ಮ ಮಗ,
ಯೆಲ್ಲೆ ಎಂಬವನಿಗೆ ಉಂಗುರ ತೊಡಿಸಿದ ದಿನ
ನಾವು ಹೋಗಲಿಲ್ಲ.
ಅದನ್ನು ಮದುವೆ ಎನ್ನಲು ನಾಲಿಗೆ ಇಂದಿಗೂ ಏಳದು.

ಎರಡೂ ಚೀಟಿ ಹಳೆಯ ಪಕ್ಷಕ್ಕೇ. ನಂಬಿದ್ದು ನಂಬಿದ್ದೇ.

ಮನೆಗೆ ಬಂದು ಫೋನ್ ಎತ್ತಿದೆ:
ಭಾನುವಾರವೊಂದು ಬಿಟ್ಟು ಯಾವಾಗಲಾದರೂ ಬಾ.
"ಬನ್ನಿ" ಎನ್ನಲಾಗಲಿಲ್ಲ.
ಒಬ್ಬನೇ ಬಾ ಎಂದೂ ಅನ್ನಲಿಲ್ಲ.