ಹೊಳೆ ಹೊರಗಾದ ದಿನ

ಪಂಚಾಂಗ ನೋಡಿ ಭಟ್ಟರು ಯಾರಿಗೋ ಹೇಳುತ್ತಿದ್ದರು.
ನನಗಾಗ ಹನ್ನೊಂದು. ಬೆಲ್ಲ ತರಲು ಹೋದವಳು
ಅವರ ಜಗಲಿಯಂಚಿಗೆ ಕೊಡೆ ಹಿಡಿದು ನಿಂತಿದ್ದೆ.
"ಕಕ್ಕಡದಲ್ಲಿ ನದಿಗಳು ರಜಸ್ವಲೆಯರು,
ಮೂರು ದಿನ ಮುಳುಗಬಾರದು, ಶಾಸ್ತ್ರ."

ಅವ್ವ ಆಗ ಸೌದೆ ಕೊಟ್ಟಿಗೆಯಲ್ಲಿ, ಗೋಣಿಯ ಮೇಲೆ,
ತಟ್ಟೆ ಬೇರೆ, ಚೊಂಬು ಬೇರೆ.
ಬಾಗಿಲಾಚೆ ನಿಂತೇ ಸುದ್ದಿ ಹೇಳಿದೆ:
ಹೊಳೆಯೂ ಹೊರಗಾಗಿದ್ದಾಳಂತೆ, ಅವ್ವಾ.
ಅವ್ವ ಕಾಫಿ ಹೀರಿದಳು.
"ಹೌದಾ? ಅವಳು ಯಾವ ಕೊಟ್ಟಿಗೆಯಲ್ಲಿ ಕೂತಿದ್ದಾಳೆ?"

ಆ ರಾತ್ರಿಯೇ ಏರಿತು ನೀರು,
ಬೆಟ್ಟದ ಮಣ್ಣು ಕಲಸಿ ಕೆಂಪಗೆ, ದಪ್ಪಗೆ.
ಮೊದಲು ಸಂಗಮದ ಕಲ್ಲು,
ಆಮೇಲೆ ತಲೆ ಬೋಳಿಸುವ ಕಟ್ಟೆ,
ಆಮೇಲೆ ನಾಪೋಕ್ಲು ರಸ್ತೆ, ಅದರ ಮೈಲಿಗಲ್ಲು,
ಬೆಳಗಾಗುವಾಗ ದೇವಸ್ಥಾನದ ಮೆಟ್ಟಿಲು,
ಒಂದು, ಎರಡು, ಏಳು,
ಇವತ್ತು ಎಷ್ಟನೆಯ ದಿನ ಎಂದು ತಡೆದು ಕೇಳುವವರಿಲ್ಲ.
ಅಂಗಳ ದಾಟಿ ಒಳಗೆ ಹೋದಳು.

ಕೊಟ್ಟಿಗೆಯಿಂದೆದ್ದು ಬಂದ ಅವ್ವ
ದಿಬ್ಬದ ಮೇಲೆ ನಿಂತು ನೋಡಿದಳು.
ಅವಳಿಗೂ ಮೂರು ಮುಗಿದಿರಲಿಲ್ಲ.

ನೀರಿಳಿದ ಮೇಲೆ ಗಂಡಸರು ಗುದ್ದಲಿ ಹಿಡಿದು
ಗರ್ಭಗುಡಿಯ ಮುಂದಿನ ಕೆಸರು ಎಳೆದರು.
ಒಬ್ಬ ಮುದುಕ ಅದನ್ನೇ ಚಿಟಿಕೆಯಷ್ಟೆತ್ತಿ ಹಣೆಗಿಟ್ಟುಕೊಂಡ.
ಅವ್ವ ನನ್ನ ಕೈ ಹಿಚುಕಿದಳು, ನೋವಾಗುವಷ್ಟು.

ಈಗ ನನಗೆ ನಲವತ್ತಾರು.
ಭಾಗಮಂಡಲದ ಬಸ್‌ಸ್ಟ್ಯಾಂಡ್ ಹಿಂದೆ ಹೊಲಿಗೆಯಂಗಡಿ.
ರವಿಕೆ, ಫಾಲ್ಸು, ಹಿಂದಕ್ಕೆ ನೆರಿಗೆ ಬರುವ ಸೀರೆ.
ಕಮಂಡಲದಲ್ಲಿಟ್ಟು ಸ್ನಾನಕ್ಕೆ ಹೋದ ಋಷಿಯನ್ನು ಬಿಟ್ಟು
ಅವಳು ಹರಿದ ರಭಸಕ್ಕೆ
ನಮ್ಮವರ ನೆರಿಗೆ ಹಿಂದೆ ಸರಿಯಿತಂತೆ.
ಕಥೆ ಚೆಂದ.
ಗದ್ದೆಯಲ್ಲಿ ಬಗ್ಗಿದವರಿಗೆ ಬೇರೊಂದು ಗೊತ್ತು:
ಮುಂದಿದ್ದರೆ ಕೆಸರು, ಕಾಲಿಗೆ ತೊಡಕು,
ತಲೆ ಮೇಲೆ ಬೇರೆ ಸೌದೆ ಹೊರೆ.

ಪ್ರವಾಸಕ್ಕೆ ಬಂದವರು ಹೊಗಳುತ್ತಾರೆ,
"ನಿಮ್ಮಲ್ಲಿ ವಾಸಿ. ಗಂಡನಿಲ್ಲದ ತಾಯಿಯೂ
ಮದುವೆಯಲ್ಲಿ ಮೊದಲ ಅಕ್ಕಿ ಹಾಕುತ್ತಾಳಂತೆ."
ನಿಜ. ಅಣ್ಣನ ಮದುವೆಯಲ್ಲಿ ಅವ್ವನೇ ಹಾಕಿದಳು.
ಸಂಜೆ ಇನ್ನೂರು ತಟ್ಟೆ ತೊಳೆದವಳೂ ಅವಳೇ.

ಹೆಣ್ಣು ದೇವಿ ಎನ್ನುವ ಪುಟ ಇದೆ,
ಮುಟ್ಟಬೇಡ ಎನ್ನುವ ಪುಟವೂ ಇದೆ,
ಎರಡನ್ನೂ ಒಂದೇ ದಾರದಲ್ಲಿ ಹೊಲಿದಿದ್ದಾರೆ.
ನನಗಿರುವುದು ಹೊಲಿಗೆಯವಳ ಕಣ್ಣು,
ಅಳತೆ ತೆಗೆಯದೆ ಕತ್ತರಿಸಿದ ಬಟ್ಟೆ ಗೊತ್ತಾಗುತ್ತದೆ:
ಕಂಕುಳಲ್ಲಿ ಹಿಡಿಯುತ್ತದೆ, ಉಸಿರಿಗೆ ಜಾಗವಿಲ್ಲ,
ಮೇಲೆ ಜರಿ ಮಾತ್ರ ಢಾಳಾಗಿ.

ತುಲಾ ಸಂಕ್ರಮಣಕ್ಕೆ ನಾಲ್ಕು ದಿನವಿದ್ದಾಗ
ಹಂಝಣ್ಣನ ಮೆಡಿಕಲ್‌ನಲ್ಲಿ ಸಾಲು.
ಯಾರೂ ಹೆಸರು ಹೇಳುವುದಿಲ್ಲ. "ಅದೇ, ಮುಂದೆ ಹಾಕುವುದು."
ಅವನು ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ, ಕದ್ದ ಮಾಲಿನ ಹಾಗೆ.
ನನ್ನ ಪೂವಿಗೆ ಹತ್ತೊಂಬತ್ತು. ಹೋದ ವರ್ಷ ಆ ಮಾತ್ರೆ ನುಂಗಿ
ವಾರವಿಡೀ ವಾಂತಿ, ತಲೆ ಸುತ್ತು.
ತಲಕಾವೇರಿಯ ಕೊಳದ ಮುಂದೆ ನಿಂತಿದ್ದಳು,
ನೀರುಕ್ಕುವುದನ್ನು ಎಲ್ಲರೂ ನೋಡುತ್ತಿದ್ದರು, ಇವಳು ಕಂಬ ಹಿಡಿದುಕೊಂಡಿದ್ದಳು.

"ಈ ಸಲ ಕಣಿಪೂಜೆ ಅವಳೇ ಮಾಡಲಿ," ಅಂದರು ಅತ್ತೆ.
"ಮಾತ್ರೆ ತಂದೆಯಾ?"
ತಂದಿದ್ದೇನೆ ಅಂದೆ.
ಸುಳ್ಳಲ್ಲ. ಮೆಷಿನ್ನಿನ ಡ್ರಾಯರಿನಲ್ಲಿದೆ,
ಗುಂಡಿ ಡಬ್ಬಿಯೊಳಗೆ, ಹತ್ತಕ್ಕೆ ಹತ್ತೂ.

ಇವತ್ತು ಅವಳಿಗೆ ಎರಡನೆಯ ದಿನ.
ನನಗೆ ಗೊತ್ತು, ಅವಳಿಗೆ ಗೊತ್ತು,
ಬೆಳಿಗ್ಗೆ ಸಂಗಮದಲ್ಲಿ ಅವಳ ಕಾಲು ತೊಳೆದ ಹೊಳೆಗೂ ಗೊತ್ತಿರಬೇಕು.
ತಟ್ಟೆಯಲ್ಲಿ ಸೌತೆಕಾಯಿ, ಬಳೆ, ವೀಳ್ಯ.
ನನ್ನ ಪತ್ತಾಕನ್ನು ಅದರ ಕೊರಳಿಗೆ ಹಾಕಿ,
ತುಟಿ ಕಚ್ಚಿಕೊಂಡು, ಕೆಂಪು ರೇಷ್ಮೆ ಉಡಿಸುತ್ತಿದ್ದಾಳೆ
ಪೂವಿ, ನೆರಿಗೆ ಹಿಂದಕ್ಕೆ.