ಗೇಟ್ ಪಾಸ್

ಮೂವತ್ತೊಂದು ವರ್ಷ ಜಾಲಹಳ್ಳಿಯ
ಗಡಿಯಾರದ ಕಾರ್ಖಾನೆ ಗೇಟಿನಲ್ಲಿ ನಿಂತವನು ನಾನು.
ಬರುವವರಿಗೊಂದು ರಿಜಿಸ್ಟರು, ಹೋಗುವವರಿಗೊಂದು.
ಒಳಗೆ ಬರುವವನ ಮುಖ ನೋಡು,
ಹೊರಗೆ ಹೋಗುವವನ ಡಬ್ಬಿ ನೋಡು:
ಹವಾಲ್ದಾರ್ ಚೌರಪ್ಪ ಕಲಿಸಿದ್ದು ಇಷ್ಟೇ.

ಈಗ, ಹೆಸರಿನಲ್ಲೇ ಬಾಗಿಲಿರುವ ಬಾಗಲಗುಂಟೆಯಲ್ಲಿ,
ಎಸ್.ಪಿ. ರೋಡಿನ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನ ಮುಂದೆ
ಕರೆಂಟ್ ಬಿಲ್ಲು ಕಟ್ಟಲು ಕೂತರೆ
ಮೂಲೆಯಿಂದ ಒಂದು ಚೌಕ ಎದ್ದು ಬಂದು ಕೇಳುತ್ತದೆ:
ಇಂಥದ್ದೊಂದು ಹೊರಗೆ ಹೋಗಬೇಕಂತೆ,
ಬಿಡಲೇ? ತಡೆಯಲೇ?

ಫೈರ್‌ವಾಲ್ ಅಂತಾರೆ. ಬೆಂಕಿ ಕಾಣಲಿಲ್ಲ,
ಗೋಡೆಯೂ ಕಾಣಲಿಲ್ಲ.
ನನಗೆ ಕಂಡದ್ದು ಗೇಟು.

ಕಂಡೂ, ಮೊದಲ ತಿಂಗಳು ಬಿಡು, ಬಿಡು ಎಂದೇ ಒತ್ತಿದೆ,
ನೈಟ್ ಶಿಫ್ಟಿನ ನಿದ್ದೆಗಣ್ಣಿನವನು
ಬಂದ ಲಾರಿಗೆಲ್ಲ ಸಲಾಮು ಹೊಡೆದ ಹಾಗೆ.
ಮಹಡಿ ಮನೆಯ ಹುಡುಗ ಬಂದು
ಅದನ್ನು ಆಫ್ ಮಾಡಿಬಿಡಿ ಅಂಕಲ್,
ಪ್ರಿಂಟರ್ ಕೈ ಕೊಡ್ತಿರೋದು ಅದರಿಂದಲೇ, ಎಂದ.
ಮಾಡಿದೆ. ಪ್ರಿಂಟರು ಆಮೇಲೂ ಹಾಳೆ ನುಂಗಿತು.
ರಾತ್ರಿ ಎರಡಕ್ಕೆ ಎದ್ದೆ, ಲುಂಗಿ ಬಿಗಿದುಕೊಂಡು
ಮತ್ತೆ ಆನ್ ಮಾಡಿ ಬಂದು ಮಲಗಿದೆ.
ಏನ್ರೀ ಅದು, ಈ ಹೊತ್ನಲ್ಲಿ? ಎಂದಳು ಪುಟ್ಟಗೌರಿ.
ಗೇಟು, ಎಂದೆ.

ಅಂಗಡಿಯ ಸಮೀಉಲ್ಲಾ, ಪುಕ್ಕಟೆ ಸಾರ್ ಎಂದು
ಇನ್ನೊಂದನ್ನೂ ತುಂಬಿಸಿ ಕೊಟ್ಟಿದ್ದ.
ಒಂದೇ ಗೇಟಿಗೆ ಇಬ್ಬರನ್ನು ನಿಲ್ಲಿಸಿದ್ದರು, ಎಂಬತ್ತೆಂಟರಲ್ಲಿ.
ಅವನು ನೋಡಿರುತ್ತಾನೆ ಎಂದು ನಾನು,
ಇವನು ನೋಡಿರುತ್ತಾನೆ ಎಂದು ಅವನು,
ನಮ್ಮಿಬ್ಬರ ನಡುವೆ ತಾಮ್ರದ ತಂತಿಯ ಸುರುಳಿ
ಗಾಂಭೀರ್ಯದಿಂದ ನಡೆದು ಹೋಯಿತು.
ಒಬ್ಬನಿಗೆ ರಜೆ ಕೊಟ್ಟೆ.

ಒಂದು ಮಧ್ಯಾಹ್ನ ಪರದೆಯೆಲ್ಲ ಕೆಂಪಾಗಿ, ಸೈರನ್ ಹೊಡೆದುಕೊಂಡು:
ನಿಮ್ಮಲ್ಲಿ ಐದು ಕಳ್ಳರಿದ್ದಾರೆ, ಕೂಡಲೇ ಈ ನಂಬರಿಗೆ ಫೋನು ಮಾಡಿ!
ಮಾಡಲಿಲ್ಲ.
ಖಾಕಿ ಹಾಕಿದವರೆಲ್ಲ ನಮ್ಮವರಲ್ಲ.
ಕೆಲಸ ಬಲ್ಲ ಕಾವಲುಗಾರ ಕೂಗುವುದಿಲ್ಲ,
ಹೆಸರು ಕೇಳುತ್ತಾನೆ, ಬರೆದುಕೊಳ್ಳುತ್ತಾನೆ.

ಈಗ ನಾನೂ ಹೆಸರು ಓದುತ್ತೇನೆ, ಕನ್ನಡಕ ಒರೆಸಿಕೊಂಡು.
ಗುರುತಿಲ್ಲದ್ದಕ್ಕೆ ಇಲ್ಲ.
ನಿಜಕ್ಕೂ ಕೆಲಸವಿದ್ದವನು ಮತ್ತೆ ಬಂದು ಕೇಳುತ್ತಾನೆ,
ಇಲ್ಲವೆಂದದ್ದನ್ನು ನಾಳೆ ಹೌದು ಮಾಡಬಹುದು.
ಗೇಟು ದಾಟಿದ್ದನ್ನು ಕೂಗಿ ಕರೆಯಲಾಗದು.

ಆದರೆ ಆ ಚೌಕದಲ್ಲಿ ಇನ್ನೊಂದು ಸಾಲಿದೆ:
ಇದೊಂದು ಸಲ ಮಾತ್ರ.

ಅಲ್ಲಿಗೆ ಬಂದರೆ ಬೆರಳು ನಿಲ್ಲುತ್ತದೆ.
ಅಸೆಂಬ್ಲಿಯ ಫಿಲೋಮಿನಾ, ಸ್ಟೀಲ್ ಡಬ್ಬಿ,
ಉಳಿಸಿಕೊಂಡ ಅರ್ಧ ಮುದ್ದೆ.
ಮುಚ್ಚಳ ತೆಗೆದೆ. ಮುದ್ದೆಯೊಳಗಿಂದ
ಟಿಕ್ ಟಿಕ್ ಎಂದಿತು.
ಅವಳು ನನ್ನ ಮುಖ ನೋಡಲಿಲ್ಲ,
ಗೋಡೆಯ ದೊಡ್ಡ ಗಡಿಯಾರ ನೋಡುತ್ತ ನಿಂತಳು.
ಮಾರನೇ ದಿನ ಅವಳ ಮಗನಿಗೆ ಹತ್ತನೇ ಕ್ಲಾಸಿನ ಪರೀಕ್ಷೆ
ಎಂದು ಆಮೇಲೆ ಯಾರೋ ಹೇಳಿದರು.
ಆಗ ನನಗದು ಗೊತ್ತಿರಲಿಲ್ಲ.
ಡಬ್ಬಿ ಮುಚ್ಚಿ ಕೈಗೆ ಕೊಟ್ಟು
ರಿಜಿಸ್ಟರಿನಲ್ಲಿ ಬರೆದೆ: ಊಟ.

ಚೌಕ ಕಾಯುತ್ತಿದೆ. ಅದಕ್ಕೆ ಆತುರವಿಲ್ಲ, ಮುದ್ದೆಯ ವಾಸನೆ ಗೊತ್ತಿಲ್ಲ.
ಕೇಳುತ್ತಿರುವುದರ ಹೆಸರು ಮೂರು ಸಲ ಓದಿದೆ,
ನಮ್ಮ ಪೈಕಿ ಯಾರದ್ದೂ ಅಲ್ಲ.
ತಡೆ, ಎಂದು ಒತ್ತಿದೆ.
ಕರೆಂಟ್ ಬಿಲ್ಲಿಗೆ ಇನ್ನೂ ನಾಲ್ಕು ದಿನ ಇದೆ.