ಕೊನೇ ಪೀಸು

ಕೌಲ್ ಬಜಾರಿನ ನಮ್ಮ ಜೀನ್ಸ್ ಅಂಗಡಿಯಲ್ಲಿ
ಎಂಟು ವರ್ಷದಿಂದ ಒಂದೇ ಪೀಸು ಉಳಿದಿದೆ.
ದಿನಾ ಮಾರುತ್ತೇನೆ,
ಮತ್ತೆ ಒಂದೇ ಉಳಿಯುತ್ತದೆ.

ಮಾಲೀಕ ವಿಠೋಬಪ್ಪ ಕಲಿಸಿದ ಪಾಠ:
ಮೊದಲು ಎರಡು ಸಾವಿರದ್ದು ಬಿಚ್ಚಿ ಹರಡು.
ಕೊಳ್ಳಲಿ ಅಂತಲ್ಲ, ಬೆಚ್ಚಲಿ ಅಂತ.
ಆಮೇಲೆ ಎಂಟುನೂರಾ ತೊಂಬತ್ತೊಂಬತ್ತು
ಬಳ್ಳಾರಿ ಬಿಸಿಲಲ್ಲಿ ಗೋಲಿಸೋಡಾದ ಹಾಗೆ
ತಾನೇ ಇಳಿಯುತ್ತದೆ.
ಆ ಬಿಟ್ಟ ಒಂದು ರೂಪಾಯಿ
ಹೊಸ್ತಿಲಾಚೆ ಕಳಚಿಟ್ಟ ಚಪ್ಪಲಿ;
ಗಿರಾಕಿ ಹಗುರಾಗಿ ಒಳಗೆ ಬರುತ್ತಾನೆ.

ರೇಟು ಕೇಳುವ ಮೊದಲೇ ಕೈಗೆ ಕೊಡು, ತೊಡಿಸು.
ಗೋಡೆಗೆ ಒರಗಿಸಿದ ಕನ್ನಡಿ
ಎಲ್ಲರನ್ನೂ ಎರಡಂಗುಲ ಬೆಳೆಸುತ್ತದೆ.
ಅಷ್ಟೆತ್ತರ ನಿಂತವನಿಗೆ
ಬಿಚ್ಚಿ ಕೊಡುವುದೆಂದರೆ ಕಳಕೊಂಡ ಸಂಕಟ,
ಇನ್ನೂ ತನ್ನದಾಗದ್ದನ್ನು.

ಭಾನುವಾರ ಸುಂಕಮ್ಮ ಬಂದಳು.
ಎರಡು ಸಾವಿರದ್ದನ್ನು ನೋಡಲೇ ಇಲ್ಲ.
ಬೆಂಡೆಕಾಯಿಯ ತುದಿ ಮುರಿದು ನೋಡುವವಳಂತೆ
ಪ್ಯಾಂಟನ್ನು ಒಳಮೈ ಹೊರಗೆ ಮಾಡಿ
ತೊಡೆಯ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇಲ್ಲಿ ದಾರ ಕೂಡಿಸಿದ್ದು ಕಾಣ್ತೈತಾ?
ಅವತ್ತು ಕರೆಂಟು ಹೋಗಿತ್ತು.
ಇದು ನಾನೇ ಹೊಲಿದಿದ್ದು.
ಪೀಸಿಗೆ ಹದಿನಾಲ್ಕು ರೂಪಾಯಿ ಕೊಡ್ತಾರೆ.
ಲೇಬಲ್ಲು ಕಟ್ಟು ಕಟ್ಟು ಬರ್ತಾವೆ,
ಒಂದೊಂದು ರೂಪಾಯಿನೂ ಬೀಳಂಗಿಲ್ಲ."

ವಿಠೋಬಪ್ಪನ ಪಾಠದಲ್ಲಿ
ಇವಳಿರಲಿಲ್ಲ.

ನಾಚಿಕೆಗೋ ಏನೋ, ಏಣಿ ಹತ್ತಿ
ಅಟ್ಟದ ಮೇಲಿನದೊಂದು ತೆಗೆದು ಕೊಟ್ಟೆ.
ಅದೇ ಬಟ್ಟೆ, ಅದೇ ಗುಂಡಿ, ಅದೇ ಬಣ್ಣದ ನೀರು.
ಸೊಂಟದ ಮೇಲೆ ಹೆಸರಿಲ್ಲ, ಅಷ್ಟೆ.
"ಮುನ್ನೂರೈವತ್ತು. ನಿಜವಾದ ರೇಟು ಇದೇ ಅಮ್ಮ."
ಈ ಮಾತು ಹೇಳಿ ಅಭ್ಯಾಸವಿಲ್ಲದೆ
ನಾಲಿಗೆ ತಡವರಿಸಿತು.

ಎರಡನ್ನೂ ಎರಡು ತೊಡೆಯ ಮೇಲಿಟ್ಟುಕೊಂಡು
ಬಹಳ ಹೊತ್ತು ಕೂತಳು.
ಲೇಬಲ್ಲಿಲ್ಲದ ಜಾಗವನ್ನು
ಹೆಬ್ಬೆರಳಿಂದ ಸವರಿದಳು,
ಬೋಳು ಹಣೆಯನ್ನು ಸವರಿದ ಹಾಗೆ.

"ಬ್ಯಾಡ ಬಿಡ್ರಿ.
ಪಂಪಾಪತಿ ಕಾಲೇಜಿಗೆ ಹೊಂಟಾನೆ.
ಅಲ್ಲಿ ಒಳಗಿನ ಹೊಲಿಗೆ ಯಾರು ನೋಡ್ತಾರೆ?
ಹೆಸರಿಂದೇ ಕೊಡ್ರಿ."

ಕುಪ್ಪಸದಿಂದ ಬೆವರಿದ ನೋಟು ತೆಗೆದು
ಒಂಬತ್ತುನೂರು ಎಣಿಸಿ ಕೊಟ್ಟು
ಅಲ್ಲೇ ನಿಂತಳು.
ಚಾಕ್ಲೇಟು ಚಾಚಿದೆ. ತಲೆಯಾಡಿಸಿದಳು.
ಎಂಟು ವರ್ಷದಲ್ಲಿ ಯಾರೂ ಕೇಳದ
ಆ ಒಂದು ರೂಪಾಯಿಗೆ
ಗಲ್ಲಾಪೆಟ್ಟಿಗೆಯನ್ನೇ ಬೋರಲು ಹಾಕಿದೆ.

ಚೀಲದ ಮೇಲಿನ ಹೆಸರು ರಸ್ತೆಗೆ ಕಾಣುವಂತೆ
ತಿರುಗಿಸಿ ಹಿಡಿದು, ಮೆಟ್ಟಿಲಲ್ಲಿ ನಿಂತು ಕೇಳಿದಳು:
"ಇದು ಕೊನೇ ಪೀಸಾ?"

ಬಾಯಿ ತಪ್ಪಿ ಹೌದೆಂದೆ.

"ಹೌದಾ," ನಕ್ಕಳು ಸುಂಕಮ್ಮ,
"ನಾಳೆ ಇನ್ನೂ ನಲವತ್ತು ಹೊಲೀಬೇಕು ನಾನು."